ಮೂರು ಪ್ರಿಂಟರ್, ಒಂದು ಉಲ್ಟಾ ನೆಗೆಟಿವ್

“ಅಂಕಲ್, ಯಾವ ಪ್ರಿಂಟರ್ ತಗೊಳ್ಳಲಿ?”

ಕಡೂರಿನ ಸುತ್ತಮುತ್ತ ಹೊಸದಾಗಿ ಸ್ಟುಡಿಯೋ ತೆರೆಯುವವರು ನಮ್ಮ ಮನೆಗೆ ಬಂದು ಕೇಳುವ ಮೊದಲ ಪ್ರಶ್ನೆ ಇದು. ಕುರ್ಚಿಯಲ್ಲಿ ಸರಿಯಾಗಿ ಕೂತಿರುವುದಿಲ್ಲ, ಕೊಟ್ಟ ನೀರು ಕುಡಿದಿರುವುದಿಲ್ಲ, ಕೇಳಿಯೇಬಿಡುತ್ತಾರೆ. ಬೆಳಕಿನ ಬಗ್ಗೆ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಬೀಗರು ಮುನಿಸಿಕೊಂಡಾಗ ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಹೇಗೆ ಎಂದು ಕೇಳುವುದಿಲ್ಲ. ಈ ವೃತ್ತಿಯಲ್ಲಿ ನನಗೆ ಗೊತ್ತಿರುವುದು ಅವೆರಡೇ. ಗೊತ್ತಿಲ್ಲದ ಮೂರನೆಯದನ್ನೇ ಹಿಡಿದು ಕೇಳುತ್ತಾರೆ. ಅಂಗಡಿಗೆ ಬೀಗ ಹಾಕಿ ಹಾಯಾಗಿ ಕೂರೋಣವೆಂದರೆ ಪ್ರಿಂಟರ್ ನನ್ನ ಬೆನ್ನು ಬಿಟ್ಟಿಲ್ಲ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ಓದಿಕೊಳ್ಳಿ, ಆಮೇಲೆ ನನ್ನ ತಲೆ ತಿನ್ನಬೇಡಿ.

ನಾನು ಕೆಲಸ ಕಲಿತದ್ದು ತರೀಕೆರೆಯಲ್ಲಿ, ನಂಜುಂಡರಾಯರ ಸ್ಟುಡಿಯೋದಲ್ಲಿ. ರಾಯರು ಕೆಲಸದಲ್ಲಿ ದೊಡ್ಡ ಮನುಷ್ಯ, ಬಾಯಿ ಮಾತ್ರ ಬಲು ಕೆಟ್ಟದ್ದು. ಅವರ ಕ್ಯಾಮೆರಾ ಮುಂದೆ ಕೂತವರು ಯಾರೇ ಆಗಿರಲಿ, ಗದರಿಸಿಕೊಂಡೇ ಏಳಬೇಕು. “ಗದ್ದ ಇಳಿಸ್ರೀ. ಇಷ್ಟಿಳಿಸಿ ಅಂದ್ನಾ? ಫೋಟೋಕ್ ಬಂದಿದ್ದೀರೋ, ಬಾವಿ ನೋಡೋಕ್ ಬಂದಿದ್ದೀರೋ?” ಎಂದು ಅಮಲ್ದಾರರಿಗೇ ಅಂದವರು ಅವರು. ಅಂದಿನ ಜನ ಅದನ್ನೂ ಸಹಿಸಿಕೊಂಡು ಬರುತ್ತಿದ್ದರು, ಯಾಕೆಂದರೆ ರಾಯರು ತೆಗೆದ ಮುಖ ಮುಖದ ಹಾಗಿರುತ್ತಿತ್ತು.

ಒಮ್ಮೆ ಅಜ್ಜಂಪುರದ ಈರುಳ್ಳಿ ಮಂಡಿಯ ಚನ್ನಬಸಪ್ಪನವರು ಬಂದರು. ಲಿಂಗಪೂಜೆಗೆ ಕೂತ ಭಂಗಿಯಲ್ಲಿ ಒಂದು ಫೋಟೋ ಬೇಕಿತ್ತು. ಹಣೆ ತುಂಬ ವಿಭೂತಿ ಧರಿಸಿ, ಮಡಿ ಉಟ್ಟು, ಚಾಪೆಯ ಮೇಲೆ ಕೂತರು. ನಮ್ಮಲ್ಲಿ ಇಷ್ಟಲಿಂಗ ಎಡ ಅಂಗೈಯಲ್ಲಿರಬೇಕು, ಬಲಗೈಯಿಂದ ಪೂಜೆ ಮಾಡಬೇಕು. ಇದು ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ರಾಯರು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ ಕೂಡಲೇ ಈ ಪುಣ್ಯಾತ್ಮರ ಕೈಯಲ್ಲಿದ್ದ ಲಿಂಗ ಬಲಗೈಗೆ ಹೋಗುತ್ತಿತ್ತು. ರಾಯರು ಆಚೆ ಬಂದು ಗದರಿದರೆ ಎಡಗೈಗೆ ಬರುತ್ತಿತ್ತು. ಮತ್ತೆ ಒಳಗೆ ಹೋದರೆ ಮತ್ತೆ ಬಲಗೈ.

“ಲಿಂಗ ಯಾವ ಕೈಯಲ್ಲಿ ಹಿಡೀಬೇಕು ಅಂತ ಬ್ರಾಹ್ಮಣ ನಾನು ಹೇಳ್ಕೊಡ್ಬೇಕೇನ್ರೀ ನಿಮ್ಗೆ?” ಎಂದು ರಾಯರು ಕಿರುಚಿದರು. ಚನ್ನಬಸಪ್ಪನವರು ನಾಚಿ ತಲೆ ತಗ್ಗಿಸಿದರು. ಕೊನೆಗೆ ಎಡಗೈಯಲ್ಲಿ ಹಿಡಿದ ಫೋಟೋ ಬಂತು. ದೀಪ ಹಿಡಿದು ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅದಕ್ಕೂ ಬೈಸಿಕೊಂಡೆ.

ಆಮೇಲೆ ನಾನು ಕಡೂರಿಗೆ ಬಂದು ಸ್ವಂತ ಸ್ಟುಡಿಯೋ ಹಾಕಿದೆ. ರಾಯರು ತೀರಿಕೊಂಡರು, ಅವರ ಹಳೆಯ ನೆಗೆಟಿವ್‌ಗಳೆಲ್ಲ ನನ್ನ ಪಾಲಿಗೆ ಬಂದವು. ಮುಂದಿನದು ನಿಮಗೆ ಗೊತ್ತೇ ಇದೆ. ಕಪ್ಪು ಬಿಳುಪು ಹೋಗಿ ಕಲರ್ ಬಂತು, ಕಲರ್ ಲ್ಯಾಬ್ ಹೋಗಿ ಡಿಜಿಟಲ್ ಬಂತು. ಡಾರ್ಕ್‌ರೂಮಿನ ತೊಟ್ಟಿಯಲ್ಲಿ ನಮ್ಮ ಮನೆಯವಳು ಮೆಣಸಿನಕಾಯಿ ಚೀಲ ಇಟ್ಟಳು. ಮೇಜಿನ ಮೇಲೆ ಒಂದು ಇಂಕ್‌ಟ್ಯಾಂಕ್ ಪ್ರಿಂಟರ್ ಬಂದು ಕೂತಿತು. ಗುಂಡಿ ಒತ್ತಿದರೆ ಫೋಟೋ. ಎಲ್ಲರಿಗೂ ಖುಷಿ, ನನಗೂ ಖುಷಿ.

ಆ ಖುಷಿಯನ್ನು ಇಳಿಸಿದವರು ಚನ್ನಬಸಪ್ಪನವರ ಹೆಂಡತಿ ಗೌರಮ್ಮನವರು. ಯಜಮಾನರು ತೀರಿಕೊಂಡ ಮೇಲೆ ಮಂಡಿಯನ್ನು ತಾವೇ ನಡೆಸಿದ ಗಟ್ಟಿಗಿತ್ತಿ. ಲಾರಿ ಡ್ರೈವರುಗಳು ಅವರ ದನಿ ಕೇಳಿದರೆ ಬೀಡಿ ಎಸೆಯುತ್ತಿದ್ದರು. ಗಂಡನ ಆ ಪೂಜೆಯ ಫೋಟೋವನ್ನು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿಸಿದ್ದರು. ಮೊದಲ ಸಲ ಹೊರಗಿನ ಲ್ಯಾಬಿನಲ್ಲಿ ಮಾಡಿಸಿದ್ದು ಬಾಗಿಲ ಬಿಸಿಲಿಗೆ ಹಳದಿ ತಿರುಗಿತು. ಎರಡನೆಯದನ್ನು ನನ್ನ ಪ್ರಿಂಟರಿನಲ್ಲೇ ತೆಗೆದುಕೊಟ್ಟೆ. ಅದು ಬಿಸಿಲಿಗೂ ಸಾಂಬ್ರಾಣಿ ಹೊಗೆಗೂ ಸಿಕ್ಕಿ ಮುಂದಿನ ಬೇಸಿಗೆಗೇ ಬಿಳಚಿಕೊಂಡಿತು.

ಗೌರಮ್ಮನವರು ಫ್ರೇಮನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದರು. ನನ್ನ ಮೇಜಿನ ಮೇಲಿಟ್ಟರು. ಕಣ್ಣು, ಮೂಗು ಇದ್ದ ಜಾಗದಲ್ಲಿ ತೆಳು ಗುಲಾಬಿ ಬಣ್ಣ. ಹಣೆಯ ವಿಭೂತಿಯೂ ಹಣೆಯೂ ಒಂದಾಗಿಬಿಟ್ಟಿದ್ದವು.

“ಇನ್ನೊಂದು ತೆಕ್ಕೊಡ್ತೀನಿ ಬಿಡ್ರೀ ಗೌರಮ್ನೋರೇ, ಐದೇ ನಿಮಿಷದ್ ಕೆಲ್ಸ,” ಎಂದೆ.

“ಬ್ಯಾಡ ಕಣ್ರೀ ಪಾಲಾಕ್ಷಣ್ಣ,” ಎಂದರು. “ಒಂದ್ಸಲ ಆಸ್ಪತ್ರೇಲಿ ಹೋದ್ರು. ಎರಡು ಸಲ ಗೋಡೆ ಮ್ಯಾಲೆ ಹೋದ್ರು. ದಿನಾ ಬೆಳಗೆದ್ದು ಅಷ್ಟಷ್ಟೇ ಹೋಗೋದ ನೋಡಕ್ಕೆ ನನ್ ಕೈಲಿ ಆಗಲ್ಲ. ಹೋಗ್ದಂಗೆ ಮಾಡ್ಕೊಡೋದಾದ್ರೆ ಮಾಡ್ಕೊಡಿ. ಇಲ್ದಿದ್ರೆ ಇಲ್ಲ ಅನ್ನಿ, ಖಾಲಿ ಗೋಡೆ ನೋಡ್ಕೊಂಡಿರ್ತೀನಿ.”

ಆ ಈರುಳ್ಳಿ ಮಂಡಿಯ ಗೌರಮ್ಮನವರು ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದ್ದು ಆವತ್ತೇ. ನೋಡೋಣ ಎಂದೆ. ನೋಡೋಣ ಅಂದ ತಪ್ಪಿಗೆ ಮುಂದಿನ ಗೋಳೆಲ್ಲ.

ತರೀಕೆರೆಯಲ್ಲಿ ಸೋಮಶೇಖರಯ್ಯ ಮೇಷ್ಟ್ರು ಅಂತ ನನ್ನ ಸ್ನೇಹಿತರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು. ಅವರಿಗೆ ಹಳೆಯ ಕಾಲದ ಫೋಟೋ ವಿಧಾನಗಳ ಹುಚ್ಚು. ವಿಷಯ ಕೇಳಿದ್ದೇ ತಡ, ಕುಣಿದಾಡಿಬಿಟ್ಟರು.

“ಪ್ಲಾಟಿನಂ ಪ್ರಿಂಟ್ ಮಾಡೋಣ ಕಣಯ್ಯಾ ಪಾಲಾಕ್ಷಪ್ಪ! ಬಣ್ಣ ಕಾಗದದ ಮೇಲೆ ಕೂತ್ಕೊಳ್ಳೋದಲ್ಲ ಅದು. ಲೋಹ ಕಾಗದದ ನಾರಿನೊಳಕ್ಕೇ ಇಳಿಯುತ್ತೆ. ಬಿಸಿಲು, ಹೊಗೆ ಯಾವುದಕ್ಕೂ ಜಗ್ಗಲ್ಲ. ಕಾಗದ ಇರೋವರೆಗೂ ಚಿತ್ರ ಇರುತ್ತೆ.”

ವಿಧಾನ ಕೇಳಲು ಸುಲಭ. ಹತ್ತಿಯ ಕಾಗದಕ್ಕೆ ಪ್ಲಾಟಿನಂ ಲವಣ ಬೆರೆಸಿದ ದ್ರಾವಣವನ್ನು ಬ್ರಶ್ಶಿನಿಂದ ಬಳಿಯಬೇಕು. ಒಣಗಿದ ಮೇಲೆ ಅದರ ಮೇಲೆ ನೆಗೆಟಿವ್ ಇಟ್ಟು, ಗಾಜಿನಿಂದ ಅದುಮಿ ಬಿಸಿಲಿಗೆ ಹಿಡಿಯಬೇಕು. ಆಮೇಲೆ ಡೆವಲಪರ್ ಸುರಿದರೆ ಚಿತ್ರ ಬರುತ್ತದೆ. ಇಲ್ಲಿ ಬೆಳಕು ಹಾಕಿ ಹಿಗ್ಗಿಸುವ ಮಾತಿಲ್ಲ. ಫೋಟೋ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ರಾಯರ ನೆಗೆಟಿವ್ ಅಂಗೈಯಗಲ, ಅದೂ ಅಂಚಿನಲ್ಲಿ ಬೂಷ್ಟು ಹಿಡಿದು ಹುಳಿ ವಾಸನೆ ಬರುತ್ತಿತ್ತು. ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಪಾರದರ್ಶಕ ಹಾಳೆಯ ಮೇಲೆ ಹೊಸ ನೆಗೆಟಿವ್ ಪ್ರಿಂಟ್ ಮಾಡಬೇಕು. ಅಂದರೆ ಮತ್ತೆ ಪ್ರಿಂಟರ್. ಓಡಿಹೋದರೂ ಅಲ್ಲಿಗೇ ಬರಬೇಕಾಯಿತು.

ನನ್ನ ಇಂಕ್‌ಟ್ಯಾಂಕ್ ಪ್ರಿಂಟರ್ ಇತ್ತಲ್ಲ, ಅದರಲ್ಲೇ ತೆಗೆದೆ. ನೆಗೆಟಿವ್ ಅಂದರೆ ಬಿಳಿಯ ಜಾಗವೆಲ್ಲ ಕಪ್ಪಾಗಿ ಬರಬೇಕು. ವಿಭೂತಿ, ಮಡಿಪಂಚೆ, ಗಡ್ಡ ಎಲ್ಲ ಕಾಡಿಗೆಯಂತೆ ಕಪ್ಪಾಗಿ ಬಂದವು. ಕಿಟಕಿಗೆ ಹಿಡಿದು ನೋಡಿ ಇಬ್ಬರೂ ಶಹಬಾಸ್ ಅಂದುಕೊಂಡೆವು. ಮೇಷ್ಟ್ರ ತಾರಸಿಯ ಮೇಲೆ ಬಿಸಿಲಿಗಿಟ್ಟು ಡೆವಲಪರ್ ಸುರಿದರೆ, ಚನ್ನಬಸಪ್ಪನವರ ಮುಖಕ್ಕೆ ಯಾರೋ ಬಾಣಲೆ ಮಸಿ ಬಳಿದ ಹಾಗೆ! ವಿಭೂತಿಯೂ ಬೂದುಬಣ್ಣ, ಪಂಚೆಯೂ ಬೂದುಬಣ್ಣ.

“ಬಿಸಿಲಿಗೆ ಜಾಸ್ತಿ ಹೊತ್ತು ಇಟ್ಟಿರಿ ನೀವು,” ಎಂದೆ.

“ನಿನ್ನ ನೆಗೆಟಿವ್ ತೆಳುವಾಗಿದೆ,” ಎಂದರು.

“ತೆಳುವಾ? ಕಣ್ ಕಾಣ್ಸುತ್ತೇನ್ರೀ ನಿಮ್ಗೆ? ಇಷ್ಟು ಕಪ್ಪಾಗೈತೆ!”

ಜಗಳವಾಡಿ, ಎರಡು ಸಲ ಮತ್ತೆ ಕೆಡಿಸಿ, ಆಮೇಲೆ ತಿಳಿಯಿತು. ಪ್ಲಾಟಿನಂ ಚಿತ್ರ ಬರುವುದು ಬಿಸಿಲಿನಲ್ಲಿರುವ ನೇರಳಾತೀತ ಕಿರಣದಿಂದ. ನನ್ನ ಪ್ರಿಂಟರಿನ ಬಣ್ಣ ನೀರಲ್ಲಿ ಕರಗುವ ಡೈ ಇಂಕು. ಅದು ಕಣ್ಣಿಗೆ ಕಪ್ಪು, ಆ ಕಿರಣಕ್ಕೆ ಬರೀ ಗಾಜು. ತಡೆಯುವುದೇ ಇಲ್ಲ. ತಡೆಯಬೇಕಾದರೆ ಬಣ್ಣದ ನುಣ್ಣನೆ ಪುಡಿ ಇರುವ ಪಿಗ್ಮೆಂಟ್ ಇಂಕು ಬೇಕು. ಇಷ್ಟು ವರ್ಷ ಇಂಕು ಸುರಿದಿದ್ದೇನೆ, ಒಬ್ಬನಾದರೂ ಈ ಮಾತು ಹೇಳಿರಲಿಲ್ಲ.

ಸರಿ, ದೊಡ್ಡ ಊರಿನ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದವನು ಟೈ ಕಟ್ಟಿಕೊಂಡು ನಗುತ್ತ ಬಂದ. “ವೈಫೈ ಇದೆ ಸಾರ್, ಮೊಬೈಲಿಂದಾನೇ ಪ್ರಿಂಟ್ ಕೊಡ್ಬಹುದು. ಸ್ಪೀಡು ನೋಡಿ ಸಾರ್!”

“ಸ್ಪೀಡು ಬೇಡಪ್ಪಾ. ಇಂಕು ಡೈನೋ ಪಿಗ್ಮೆಂಟೋ ಅಷ್ಟು ಹೇಳು,” ಎಂದರು ಮೇಷ್ಟ್ರು.

“ಒರಿಜಿನಲ್ ಇಂಕ್ ಸಾರ್.”

“ಅಯ್ಯಾ, ಪ್ಲಾಟಿನಂ ಪ್ರಿಂಟ್‌ಗೆ ಬೇಕಾಗಿರೋದು ಕಣಯ್ಯಾ!”

ಅವನ ಮುಖ ಅರಳಿತು. ಒಳಗೆ ಹೋಗಿ ಒಂದು ಪ್ಯಾಕೆಟ್ ತಂದ. ಮೇಲೆ ಬೆಳ್ಳಿ ಅಕ್ಷರದಲ್ಲಿ ಪ್ಲಾಟಿನಂ ಅಂತಲೇ ಬರೆದಿತ್ತು. ಒಳಗಿದ್ದದ್ದು ಮಾಮೂಲಿ ಹೊಳಪು ಫೋಟೋ ಪೇಪರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಬಂದುಬಿಟ್ಟರು. ನಾನು ಡಬ್ಬದ ಮೇಲಿನ ಬರಹವನ್ನೆಲ್ಲ ಓದಿ, ‘ಪಿಗ್ಮೆಂಟ್ ಕಪ್ಪು’ ಎಂದಿದ್ದ ಒಂದನ್ನು ಹೊತ್ತು ತಂದೆ.

ಅದು ಇನ್ನೊಂದು ರಾಮಾಯಣ. ಅದರಲ್ಲಿ ಕಪ್ಪು ಮಾತ್ರ ಪಿಗ್ಮೆಂಟು, ಉಳಿದ ಬಣ್ಣಗಳೆಲ್ಲ ಡೈ. ಹೋಗಲಿ, ನಮಗೆ ಬೇಕಾಗಿದ್ದು ಕಪ್ಪು ತಾನೆ? ಆದರೆ ಫೋಟೋ ಹಾಳೆ ಅಂತ ಸೆಟ್ಟಿಂಗಿನಲ್ಲಿ ಕೊಟ್ಟರೆ ಆ ಮಹಾತಾಯಿ ಕಪ್ಪನ್ನು ಮುಟ್ಟುವುದೇ ಇಲ್ಲ, ಬಣ್ಣದ ಡೈಗಳನ್ನೇ ಬೆರೆಸಿ ಕಪ್ಪು ಮಾಡುತ್ತದೆ. ಸಾದಾ ಕಾಗದ ಅಂತ ಸುಳ್ಳು ಹೇಳಿದರೆ ಕಪ್ಪನ್ನು ಹಾಕುತ್ತದೆ, ಆದರೆ ಹಾಳೆ ಹೀರಿಕೊಳ್ಳದೆ ಇಂಕು ಕೊಚ್ಚೆಯಂತೆ ನಿಲ್ಲುತ್ತದೆ. ಹೇಗೋ ಒಂದನ್ನು ಒಣಗಿಸಿ ಪ್ರಿಂಟ್ ತೆಗೆದೆವು. ವಿಭೂತಿ ಬೆಳ್ಳಗೆ ಬಂತು! ಸಂತೋಷಪಡುವಷ್ಟರಲ್ಲಿ ಮೇಷ್ಟ್ರು ಭೂತಗನ್ನಡಿ ಹಿಡಿದರು. ಹಾಳೆಯನ್ನು ಹೊರಗೆಳೆಯಲು ಪ್ರಿಂಟರಿನೊಳಗೆ ಪುಟ್ಟ ಹಲ್ಲಿನ ಚಕ್ರಗಳಿರುತ್ತವೆ. ಕಾಗದದ ಮೇಲೆ ಅವು ಓಡಿದ್ದು ಕಾಣುವುದಿಲ್ಲ, ಈ ಪಾರದರ್ಶಕ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಗುರುತು ಬಿಡುತ್ತವೆ. ಚನ್ನಬಸಪ್ಪನವರ ಹಣೆಯ ಮೂರು ಅಡ್ಡಗೆರೆಗಳನ್ನು ಕತ್ತರಿಸಿಕೊಂಡು ಗದ್ದದವರೆಗೆ ಸಾಲು ಸಾಲು ಚುಕ್ಕಿ ಇಳಿದಿತ್ತು.

“ನಾಮ ಹಾಕ್ಬಿಟ್ಯಲ್ಲೋ ಮಾರಾಯ,” ಎಂದು ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು.

ಅಷ್ಟು ಹೊತ್ತಿಗೆ ಅವರ ಪ್ಲಾಟಿನಂ ಶೀಷೆ ತಳ ಕಾಣುತ್ತಿತ್ತು. ಇನ್ನು ದೊಡ್ಡ ಪ್ರಿಂಟ್ ಎರಡಾದರೆ ಹೆಚ್ಚು. ಇತ್ತ ಗೌರಮ್ಮನವರು ಫೋನ್ ಮಾಡುತ್ತಲೇ ಇದ್ದರು. “ಆಯ್ತೇನ್ರೀ?” ಅನ್ನುವರು. ಇಲ್ಲ ಅಂದರೆ ಬೈಯುತ್ತಿರಲಿಲ್ಲ, ಸುಮ್ಮನೆ ಇಟ್ಟುಬಿಡುವರು. ಬೈದಿದ್ದರೆ ವಾಸಿಯಿತ್ತು.

ಮೂರನೆಯ ಪ್ರಿಂಟರ್ ಬೀರೂರಿನಲ್ಲಿ ಸಿಕ್ಕಿತು. ಡಿಸೈನ್ ಕೆಲಸದವನೊಬ್ಬ ಅಂಗಡಿ ಮುಚ್ಚಿ ಮಾರುತ್ತಿದ್ದ. ಎಲ್ಲ ಬಣ್ಣವೂ ಪಿಗ್ಮೆಂಟು, ದಪ್ಪ ಹಾಳೆಯನ್ನು ಬಗ್ಗಿಸದೆ ಮುಂದಿನಿಂದ ನೇರವಾಗಿ ತೂರಿಸುವ ಬಾಯಿ, ಎಷ್ಟು ಇಂಕು ಬೀಳಬೇಕೆಂದು ನಾವೇ ಹೇಳುವ ಸೌಕರ್ಯ. ಇಬ್ಬರು ಹಿಡಿದು ಎತ್ತಬೇಕು, ಅಷ್ಟು ಭಾರ. ಇದಕ್ಕೂ ಒಂದು ರೋಗವಿತ್ತು. ವಾರ ಸುಮ್ಮನೆ ಬಿಟ್ಟರೆ ಇಂಕಿನ ಪುಡಿ ಒಣಗಿ, ಇಂಕು ಉಗುಳುವ ಹೆಡ್ಡಿನ ತೂತು ಕಟ್ಟಿಕೊಳ್ಳುತ್ತದೆ. ನಾನೊಂದು ಗೃಹಪ್ರವೇಶಕ್ಕೆಂದು ದೇವನೂರಿಗೆ ಹೋಗಿ ವಾರ ಉಳಿದು ಬರುವಷ್ಟರಲ್ಲಿ ಕಟ್ಟಿಕೊಂಡಿತು. ಕರೆದ ಮೆಕ್ಯಾನಿಕ್ಕು “ಹೆಡ್ ಹೋಗಿದೆ ಸಾರ್, ಹೊಸದು ತಗೊಳ್ಳಿ” ಎಂದು ಕೈ ಎತ್ತಿಬಿಟ್ಟ. ಇವರ ಬಾಯಲ್ಲಿ ಇದೊಂದು ಮಾತು ಬಿಟ್ಟು ಬೇರೆ ಬರುವುದೇ ಇಲ್ಲವೇನೋ! ಬಟ್ಟೆ ಒದ್ದೆ ಮಾಡಿ ಹೆಡ್ಡಿನ ಕೆಳಗಿಟ್ಟು, ಶುದ್ಧಿ ಮಾಡಿ ಮಾಡಿ, ಅಂತೂ ಬಿಡಿಸಿಕೊಂಡೆವು.

ಇನ್ನು ಕೆಡಿಸುವಂತಿಲ್ಲ ಎಂದು ಮೇಷ್ಟ್ರು ಹಣೆಯ ಭಾಗವನ್ನು ಮಾತ್ರ ಬೆರಳಗಲ ಪಟ್ಟಿ ಮಾಡಿ ಪರೀಕ್ಷೆ ಮಾಡಿದರು. ವಿಭೂತಿ ವಿಭೂತಿಯಾಗಿತ್ತು, ಹಣೆಯ ಸುಕ್ಕು ಸುಕ್ಕಾಗಿತ್ತು, ಚುಕ್ಕಿ ಇರಲಿಲ್ಲ. ಆವತ್ತೇ ಪೂರ್ತಿ ನೆಗೆಟಿವ್ ತೆಗೆದು ತಾರಸಿಗೆ ಹೋದೆವು. ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಬಂದು ಡೆವಲಪರ್ ಸುರಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಚನ್ನಬಸಪ್ಪನವರು ಎದ್ದು ಬಂದರು. ಗಡ್ಡದ ಕೂದಲು ಕೂದಲೂ ಎಣಿಸುವಂತಿತ್ತು. ಇಷ್ಟು ವರ್ಷ ಫೋಟೋ ತೆಗೆದ ನಾನು ಅಂಥ ಕಪ್ಪನ್ನೂ ಅಂಥ ಬಿಳಿಯನ್ನೂ ನೋಡಿರಲಿಲ್ಲ. ಮೇಷ್ಟ್ರು ನನ್ನ ಹೆಗಲು ತಬ್ಬಿಕೊಂಡರು. ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಆಮೇಲೆ ಕೈ ನೋಡಿದೆ. ಲಿಂಗ ಬಲಗೈಯಲ್ಲಿತ್ತು.

“ಮೇಷ್ಟ್ರೇ, ಉಲ್ಟಾ!”

ನೆಗೆಟಿವಿನ ಇಂಕು ಇರುವ ಮುಖ ಕಾಗದಕ್ಕೆ ತಾಗುವಂತೆ ಮಗುಚಿ ಇಡಬೇಕು. ಮಗುಚಿದಾಗ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಪ್ರಿಂಟ್ ಕೊಡುವ ಮೊದಲೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಬೇಕು.

“ನಾನು ಕಂಪ್ಯೂಟರಲ್ಲೇ ತಿರುಗ್ಸಿದ್ದೆ ಕಣ್ರೀ!” ಎಂದೆ.

ಮೇಷ್ಟ್ರ ಮುಖ ಸಪ್ಪಗಾಯಿತು. “ನೀನು ಮರೆತಿರ್ತೀಯ ಅಂತ ಪ್ರಿಂಟರ್ ಸೆಟ್ಟಿಂಗಲ್ಲಿ ನಾನೂ ತಿರುಗಿಸಿದೆ.”

ಇಬ್ಬರೂ ತಿರುಗಿಸಿದರೆ ಏನಾಗುತ್ತದೆ? ಎಲ್ಲಿತ್ತೋ ಅಲ್ಲಿಗೇ ಬರುತ್ತದೆ. ಹಣೆಯ ಪಟ್ಟಿಯಲ್ಲಿ ಎಡವೂ ಒಂದೇ ಬಲವೂ ಒಂದೇ, ಗೊತ್ತಾಗಿರಲಿಲ್ಲ. ನಾನು ಬಾಯಿಗೆ ಬಂದಂತೆ ಕೂಗಾಡಿದೆ, ಅವರೂ ಕೂಗಾಡಿದರು. ಪಕ್ಕದ ಮನೆಯವರು ಬಂದು ಆಸ್ತಿ ಜಗಳವೇ ಎಂದು ವಿಚಾರಿಸಿಕೊಂಡು ಹೋದರು. ಕೊನೆಗೆ ಶೀಷೆಯಲ್ಲಿ ಉಳಿದಿದ್ದ ಹನಿಗಳನ್ನು ಬಸಿದುಕೊಂಡು, ಒಬ್ಬರೇ ಒಬ್ಬರು ಒಂದೇ ಒಂದು ಸಲ ತಿರುಗಿಸಿ, ಸರಿಯಾದದ್ದನ್ನು ತೆಗೆದೆವು. ದೇವರು ದೊಡ್ಡವನು, ಅದೂ ಚೆನ್ನಾಗಿಯೇ ಬಂತು.

ಗೌರಮ್ಮನವರಿಗೆ ಹೇಳಿ ಕಳಿಸಿದೆವು. ಮೇಷ್ಟ್ರ ಮನೆಗೇ ಬಂದರು. ಸರಿಯಾದ ಪ್ರಿಂಟನ್ನು ಮೇಜಿನ ಮೇಲಿಟ್ಟು, ಉಲ್ಟಾ ಇದ್ದದ್ದನ್ನು ನಾನು ಕಪಾಟಿನ ಮೇಲಕ್ಕೆ ತಳ್ಳಿದ್ದೆ. ಅವರು ಬಗ್ಗಿ ನೋಡಿದರು. ಸೆರಗಿನಿಂದ ಕೈ ಒರೆಸಿಕೊಂಡು ಅಂಚು ಮುಟ್ಟಿದರು.

“ಹ್ಞೂಂ. ಚೆನ್ನಾಗೈತೆ. ಫೋಟೋದಾಗಿದ್ದಂಗೇ ಐತೆ,” ಎಂದರು.

ಇಷ್ಟು ಒದ್ದಾಡಿದ್ದಕ್ಕೆ ಇಷ್ಟೇನಾ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು. ಅಷ್ಟರಲ್ಲಿ ಮೇಷ್ಟ್ರು, ಸತ್ಯವಂತರಲ್ಲವೆ, ಬಾಯಿ ಬಿಟ್ಟರು. “ಇನ್ನೊಂದು ಕೆಟ್ಟೋಯ್ತಮ್ಮಾ. ಲಿಂಗ ಬಲಗೈಗೆ ಬಂದ್ಬಿಡ್ತು.”

“ಎಲ್ಲೈತೆ? ತೋರ್ಸಿ.”

“ಬೇಡ ಬಿಡ್ರೀ, ಎಡವಟ್ಟಾಗಿರೋದನ್ನ ಏನ್ ನೋಡ್ತೀರಿ,” ಎಂದೆ.

“ತೋರ್ಸಿ ಅಂದ್ನಲ್ಲ.” ಲಾರಿ ಡ್ರೈವರುಗಳಿಗೆ ಹೇಳುವ ದನಿ ಅದು. ತೆಗೆದುಕೊಟ್ಟೆ.

ಗೌರಮ್ಮನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದು ಕೂತರು. ಮೇಷ್ಟ್ರು ನನ್ನನ್ನು ನೋಡಿದರು, ನಾನು ಮೇಷ್ಟ್ರನ್ನು ನೋಡಿದೆ.

“ಇವ್ರು ಕಣ್ರೀ ನಮ್ ಯಜಮಾನ್ರು,” ಎಂದರು. “ಅವ್ರು ಎಡಚ್ರು ಕಣ್ರೀ ಪಾಲಾಕ್ಷಣ್ಣ. ಅವ್ರಿಗೆ ಪೂಜೆ ಮಾಡಕ್ಕೆ ಎಡಗೈಯೇ ಬೇಕು. ಲಿಂಗ ಬಲಗೈಲಿ ಇಟ್ಕೊಂಡೇ ಕೂರೋರು. ನಮ್ಮತ್ತೆ, ಯಾರಾದ್ರೂ ನೋಡಿದ್ರೆ ಏನಂದಾರು, ಕದ ಹಾಕ್ಕೊಂಡು ಮಾಡ್ಕೊಳೋ ಅನ್ನೋರು. ದಿನಾ ಕದ ಹಾಕ್ಕೊಂಡೇ ಮಾಡಿದ್ರು, ಸಾಯೋವರ್ಗೂ. ಒಳಗೆ ಹೂವು ತಕ್ಕೊಂಡ್ ಹೋಗ್ತಿದ್ದೋಳು ನಾನೊಬ್ಳೇ. ಹಿಂಗೆ ಕೂತಿದ್ದ ನೋಡ್ದೋಳು ನಾನೊಬ್ಳೇ.”

ರಾಯರ ಸ್ಟುಡಿಯೋದಲ್ಲಿ ಕೈ ಬದಲಾಯಿಸಿ ಬದಲಾಯಿಸಿ ಬೈಸಿಕೊಂಡು ತಲೆ ತಗ್ಗಿಸಿದ ಆ ಮನುಷ್ಯ ನನಗೆ ಆಗ ಕಣ್ಣಿಗೆ ಕಟ್ಟಿದರು. ದೀಪ ಹಿಡಿದು ನಗುತ್ತಿದ್ದ ನಾನೂ.

“ಮುಖ ಒಂಚೂರು ಬೇರೆ ಥರ ಕಾಣುತ್ತಲ್ಲಮ್ಮಾ, ಕೆನ್ನೆ ಮಚ್ಚೆ ಆ ಕಡೆ ಹೋಗಿದೆ,” ಎಂದರು ಮೇಷ್ಟ್ರು. ಅವರ ಕೆಮಿಸ್ಟ್ರಿ ಬುದ್ಧಿ ಬಿಡಬೇಕಲ್ಲ.

“ಮಚ್ಚೆ ಹೋದ್ರೆ ಹೋಗ್ಲಿ ಬಿಡ್ರೀ, ಅದನ್ನ ಯಾರ್ ನೋಡ್ತಾರೆ!” ಎಂದು ಗೌರಮ್ಮನವರು ಅಳುತ್ತಲೇ ನಕ್ಕರು. “ಇದು ಬಿಳಚ್ಕಳಲ್ಲ ತಾನೇ?”

“ಕಾಗದ ಇರೋವರೆಗೂ ಇಲ್ಲಮ್ಮಾ.”

“ಹಂಗಾದ್ರೆ ಇದನ್ನೇ ಕೊಡಿ. ಪಡಸಾಲೆಗೆ ಹಾಕ್ತೀನಿ. ಕದ ಹಾಕ್ಕೊಂಡಿದ್ದು ಸಾಕು.”

ಸರಿಯಾದ ಪ್ರಿಂಟ್ ಈಗ ನನ್ನ ಹತ್ತಿರವೇ ಉಳಿದಿದೆ. ಅದನ್ನು ಮಾಡಲು ಪಟ್ಟ ಪಾಡು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಪ್ರಿಂಟರ್ ಕೊಳ್ಳುವವರು ಕೇಳಿ: ಎಲ್ಲ ಬಣ್ಣವೂ ಪಿಗ್ಮೆಂಟ್ ಇರಲಿ, ಹಾಳೆ ನೇರವಾಗಿ ಹೋಗಲಿ, ಚಕ್ರದ ಗುರುತು ನೋಡಿಕೊಳ್ಳಿ, ದಿನಕ್ಕೊಂದು ಹಾಳೆಯಾದರೂ ತೆಗೆಯುತ್ತಿರಿ. ಸ್ಪೀಡಿನ ಮಾತಾಡುವವನ ಅಂಗಡಿಗೆ ಕಾಲಿಡಬೇಡಿ. ಚಿತ್ರ ತಿರುಗಿಸುವ ಕೆಲಸ ಒಬ್ಬರಿಗೇ ಬಿಡಿ. ಇಷ್ಟೇ ನನಗೆ ಗೊತ್ತಿರುವುದು.

ಮೊನ್ನೆ ಅಜ್ಜಂಪುರಕ್ಕೆ ಹೋದಾಗ ಗೌರಮ್ಮನವರ ಮನೆಗೆ ಹೋಗಿದ್ದೆ. ಬಾಗಿಲ ಬಿಸಿಲು ನೇರವಾಗಿ ಚನ್ನಬಸಪ್ಪನವರ ಮೇಲೆ ಬೀಳುತ್ತಿತ್ತು. ಅವರು ಜಗ್ಗಿರಲಿಲ್ಲ. ಮಂಡಿಗೆ ಬಂದಿದ್ದ ನೆಂಟರೊಬ್ಬರು ಫೋಟೋ ನೋಡಿ, “ಅಕ್ಕಾ, ಫೋಟೋದೋನು ಉಲ್ಟಾ ಮಾಡ್ಬಿಟ್ಟವ್ನೆ, ಲಿಂಗ ಬಲಗೈಗೆ ಬಂದೈತಲ್ಲ,” ಎಂದರು. ಫೋಟೋದವನು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ.

ಗೌರಮ್ಮನವರು ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

“ಮೊದ್ಲು ಉಲ್ಟಾ ಇತ್ತು ಕಣಪ್ಪಾ,” ಎಂದರು. “ಪಾಲಾಕ್ಷಣ್ಣ ಈಗ ಸರಿ ಮಾಡ್ಕೊಟ್ಟವ್ರೆ.”